ಶಾಂತಕುಮಾರಿಯ ನೇಮ

ಅವರೆಕಾಯಿಯ ಕಾಲ. ಶಾಂತಿಗ್ರಾಮದ ಪೇಟೆಬೀದಿಯಲ್ಲಿ ಹೆಂಗಸರು ಜಗುಲಿ ಜಗುಲಿಯ ಮೇಲೆ ಕೂತು, ಅವರೆಬೇಳೆಯ ಜೊತೆಗೆ ಊರಿನ ಸುದ್ದಿಯನ್ನೂ ಹಿತಕುತ್ತಿದ್ದರು. ಅಂಥ ಒಂದು ಬೆಳಿಗ್ಗೆ ತೆಂಗಿನಕಾಯಿ ವ್ಯಾಪಾರದ ಪಂಚಾಕ್ಷರಯ್ಯನ ಮಗಳು ಶಾಂತಕುಮಾರಿ ದೊಡ್ಡವಳಾದಳು.

ತಾಯಿ ನೀಲಾಂಬಿಕೆಗೆ ಸಂತೋಷವೂ ಆಯಿತು, ಗಾಬರಿಯೂ ಆಯಿತು. ಹಿತ್ತಿಲ ಕಡೆಯ ಪಡಸಾಲೆಯ ಮೂಲೆಯಲ್ಲಿ ಈಚಲು ಚಾಪೆ ಹಾಸಿದಳು. ಬೇರೆ ತಟ್ಟೆ, ಬೇರೆ ಲೋಟ, ಬೇರೆ ಕಂಬಳಿ ತಂದಿಟ್ಟಳು. ಕೊನೆಗೆ ಒಂದು ಒದ್ದೆ ಬಟ್ಟೆ ಹಿಡಿದು ಬಂದು, ಮಗಳ ಕೊರಳಿನ ಶಿವದಾರವನ್ನು ಬಟ್ಟೆಯಿಂದಲೇ ಹಿಡಿದೆತ್ತಿ, ಬೆಳ್ಳಿಯ ಕರಡಿಗೆಯನ್ನು ಒಳಗಿದ್ದ ಇಷ್ಟಲಿಂಗದ ಸಮೇತ ತೆಗೆದುಕೊಂಡು ಹೋಗಿ ದೇವರ ಗೂಡಿನಲ್ಲಿಟ್ಟಳು. ಶಾಂತಕುಮಾರಿಗೆ ಏನಾಯಿತೆಂದು ತಿಳಿಯುವಷ್ಟರಲ್ಲಿ ಅದು ಆಗಿಹೋಗಿತ್ತು. ಅವಳು ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡಳು. ಅಲ್ಲಿ ಏನೂ ಇರಲಿಲ್ಲ.

“ಅವ್ವ, ಲಿಂಗ ಕೊಡು.”

“ನಾಲ್ಕು ದಿನ ಮುಟ್ಟಂಗಿಲ್ಲ ಕಣೆ. ತಲೆ ಮೇಲೆ ನೀರು ಬಿದ್ಮೇಲೆ ಹಾಕ್ಕೊಳೋವಂತೆ.”

“ಪೂಜೆ?”

“ಎಂಥ ಪೂಜೆ ಈಗ? ಸುಮ್ನೆ ಕೂತ್ಕೋ.”

ಈ ಹುಡುಗಿ ಮೊದಲು ಹೇಗಿದ್ದಳು ಎಂಬುದನ್ನು ಇಲ್ಲಿ ಹೇಳಬೇಕು. ಒಂಬತ್ತನೆಯ ವಯಸ್ಸಿನಲ್ಲಿ, ಊರ ಮಠದ ಚನ್ನಬಸವಯ್ಯನವರು ಅವಳಿಗೆ ದೀಕ್ಷೆ ಕೊಟ್ಟಾಗ, ಅವಳು ಒಂದು ಗಳಿಗೆ ನೆಟ್ಟಗೆ ಕೂರುವವಳಲ್ಲ. ಗುಡುಗಿದರೆ ಹೆದರುತ್ತಿದ್ದಳು, ನಾಯಿ ಬೊಗಳಿದರೆ ಹೆದರುತ್ತಿದ್ದಳು, ಮೇಷ್ಟ್ರು ಹೆಸರು ಹಿಡಿದು ಕರೆದರೆ ಗೊತ್ತಿದ್ದ ಉತ್ತರವೂ ಮರೆತುಹೋಗುತ್ತಿತ್ತು. ಎಡ ಅಂಗೈಯ ಮೇಲೆ ಲಿಂಗವಿಟ್ಟುಕೊಂಡು ದೃಷ್ಟಿಯಿಟ್ಟು ಕೂರುವುದೆಂದರೆ ಅವಳಿಗೆ ಶಿಕ್ಷೆ. ಪತ್ರೆಯ ದಳ ಎಣಿಸುವಳು, ಇರುವೆ ಸಾಲು ನೋಡುವಳು, ಒಂದು ಕಣ್ಣಿನಲ್ಲಿ ಅಡುಗೆಮನೆ ಕಾಯುವಳು. ಆದರೆ ಪೂಜೆಯಾಗದೆ ಅನ್ನವಿಲ್ಲ ಎಂಬುದು ಮನೆಯ ಕಟ್ಟಳೆ; ಹೊಟ್ಟೆಗಾಗಿಯಾದರೂ ಕೂರುತ್ತಿದ್ದಳು.

ಹೀಗೆ ಕೂರುತ್ತ ಕೂರುತ್ತ, ಯಾವ ದಿನವೆಂದು ಅವಳಿಗೂ ನೆನಪಿಲ್ಲ, ಒಂದು ಬೆಳಿಗ್ಗೆ ಕಪ್ಪು ಲಿಂಗದ ನುಣುಪಿನ ಮೇಲೆ ಬೆಳಕಿಂಡಿಯ ಬೆಳಕು ಸಾಸಿವೆಯಷ್ಟು ಚಿಕ್ಕದಾಗಿ ಬಿದ್ದದ್ದು ಕಾಣಿಸಿತು. ಅದನ್ನೇ ನೋಡುತ್ತ ಕೂತಳು. ಉಸಿರು ತಾನಾಗಿ ಹಗುರಾಯಿತು. ಹಿತ್ತಿಲಿನ ಕೊಡದ ಸದ್ದು, ಬೀದಿಯ ಗಾಡಿ ಸದ್ದು ಎಲ್ಲ ಕೇಳಿಸುತ್ತಿತ್ತು. ಯಾವುದೂ ಅವಳನ್ನು ಎಳೆಯಲಿಲ್ಲ. ಎದ್ದಾಗ ಯಾರೋ ತಲೆ ನೇವರಿಸಿ ಕಳಿಸಿದಂತಿತ್ತು. ಅಂದಿನಿಂದ ಆ ಹೊತ್ತು ಅವಳದೇ ಆಯಿತು. ಅದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ, ಹೇಳಲು ಮಾತೂ ಇರಲಿಲ್ಲ. ಆದರೆ ಶಾಲೆಯ ಗುಂಡಯ್ಯ ಮೇಷ್ಟ್ರು ಗಮನಿಸಿದ್ದರು: ಮೂರು ವರ್ಷದಲ್ಲಿ ಹುಡುಗಿ ತಲೆಯೆತ್ತಿ ಮಾತಾಡುವುದನ್ನು ಕಲಿತಿದ್ದಳು. ಮಿಡ್ಲ್‌ಸ್ಕೂಲಿನಲ್ಲಿ ಹುಡುಗರ ನಡುವೆ ಉಳಿದಿದ್ದ ಒಬ್ಬಳೇ ಹುಡುಗಿ, ಲೆಕ್ಕದಲ್ಲಿ ಎಲ್ಲರಿಗಿಂತ ಮುಂದು.

ಈಗ ಆ ಹೊತ್ತನ್ನೇ ಕಿತ್ತುಕೊಂಡಿದ್ದರು.

ಮಧ್ಯಾಹ್ನ ತಾಯಿ ಅನ್ನ ತಂದು ದೂರದಿಂದ ತಟ್ಟೆಗೆ ಬಡಿಸಿದಳು. ಹಿತಕಿದ ಅವರೆಯ ಸಾರು ಘಮಘಮಿಸುತ್ತಿತ್ತು. ಶಾಂತಕುಮಾರಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಪೂಜೆ ಆಗಿಲ್ಲ ಅವ್ವ.”

“ಈಗ ಪೂಜೆ ಇಲ್ಲ ಅಂದ್ನಲ್ಲ.”

“ಪೂಜೆ ಇಲ್ದೆ ಊಟ ಇಲ್ಲ ಅಂತ ನೀನೇ ಹೇಳ್ಕೊಟ್ಟಿದ್ದು.”

ನೀಲಾಂಬಿಕೆ ಬೈದಳು, ಆಮೇಲೆ ಬೇಡಿಕೊಂಡಳು. ಸಂಜೆ ಆರತಿಗೆ ಬಂದ ಬೀದಿಯ ಹೆಂಗಸರು ಹಾಡು ಹೇಳಿ, ಎಳ್ಳುಬೆಲ್ಲದ ಚಿಗಳಿ ಉಂಡೆ ಕೈಗಿಟ್ಟರು. ಅದೂ ತಟ್ಟೆಯ ಪಕ್ಕಕ್ಕೇ ಹೋಯಿತು. “ಹುಡುಗಿಗೆ ಏನೋ ಮೆಟ್ಕೊಂಡಿರ್ಬೇಕು” ಎಂದಳು ಒಬ್ಬಳು. “ಓದು ಜಾಸ್ತಿ ಆದ್ರೆ ಹಿಂಗೇ” ಎಂದಳು ಇನ್ನೊಬ್ಬಳು.

ಮರುದಿನವೂ ಹಾಗೇ ಆಯಿತು. ಬರೀ ಹೊಟ್ಟೆಯಲ್ಲಿ ಕಿಬ್ಬೊಟ್ಟೆಯ ನೋವು ಸೇರಿ ಶಾಂತಕುಮಾರಿಗೆ ಕಣ್ಣು ಕತ್ತಲಿಟ್ಟಿತು. ಗೋಡೆಗೊರಗಿ ಖಾಲಿ ಅಂಗೈಯನ್ನು ನೋಡುತ್ತ ಕೂತಳು. ನಿನ್ನೆ ಬೆಳಿಗ್ಗೆಯವರೆಗೆ ಇದೇ ಕೈ ಆಗುತ್ತಿತ್ತು, ಇವತ್ತು ಆಗುವುದಿಲ್ಲ. ಕೈಯಲ್ಲಿ ಏನು ಬದಲಾಯಿತು? ನನ್ನ ಮೈ ಕೊಳಕು ಎಂದು ಯಾರು ನೋಡಿ ಹೇಳಿದರು? ಹಾಗೆ ಯೋಚಿಸುತ್ತಿದ್ದಂತೆ ಇನ್ನೊಂದು ಅನುಮಾನವೂ ಹುಟ್ಟಿತು. ಇದು ನಿಜವಾಗಿ ಭಕ್ತಿಯೋ, ಅವ್ವನ ಮೇಲಿನ ಹಟವೋ? ಆ ಅನುಮಾನ ಹಸಿವಿಗಿಂತ ಹೆಚ್ಚಾಗಿ ಕಾಡಿತು.

ಪಂಚಾಕ್ಷರಯ್ಯ ಹೆಂಗಸರ ವಿಷಯಕ್ಕೆ ಬಾಯಿ ಹಾಕುವವನಲ್ಲ. ಆದರೆ ಮಗಳ ತುಟಿ ಒಣಗಿದ್ದು ನೋಡಿ ಅವನಿಗೆ ತಡೆಯಲಾಗಲಿಲ್ಲ. ಹೆಂಡತಿಗೂ ಹೇಳದೆ ಮಠಕ್ಕೆ ಹೋಗಿ ಚನ್ನಬಸವಯ್ಯನವರನ್ನು ಕರೆದುಕೊಂಡು ಬಂದ.

ಅಯ್ಯನವರು ವಯಸ್ಸಾದವರು, ಬಡವರು. ಪೇಟೆಬೀದಿಯ ಮನೆಗಳ ಅಕ್ಕಿಬೇಳೆಯಲ್ಲೇ ಅವರ ಮಠದ ಒಲೆ ಉರಿಯಬೇಕು. ಅವರು ಬಂದದ್ದು ಕಂಡು ಅಕ್ಕಪಕ್ಕದ ಹೆಂಗಸರೂ ಹಿತ್ತಿಲ ಬಾಗಿಲಲ್ಲಿ ಬಂದು ನಿಂತರು. ಅಯ್ಯನವರು ಅವರ ಕಡೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು ಹೇಳಿದರು:

“ಮಗು, ನಾಲ್ಕು ದಿನ ತಾನೇ? ಮನಸ್ಸಿನಲ್ಲೇ ಪೂಜೆ ಮಾಡ್ಕೊಂಡು ಒಂದು ತುತ್ತು ಊಟ ಮಾಡು. ಲೋಕರೂಢಿ ಅಂತ ಒಂದಿದೆ.”

ಶಾಂತಕುಮಾರಿ ಗೋಡೆ ಹಿಡಿದು ಎದ್ದು ನಿಂತಳು.

“ಅಯ್ಯನೋರೆ, ದೀಕ್ಷೆ ಕೊಟ್ಟ ದಿನ ನೀವು ಕಿವೀಲಿ ಮಂತ್ರ ಹೇಳಿದ್ರಿ. ಆಮೇಲೆ, ಉಸಿರಿರೋ ತನಕ ಇದು ಮೈಯಿಂದ ಅಗಲಬಾರ್ದು ಅಂದ್ರಿ. ನಾಲ್ಕು ದಿನ ಬಿಟ್ಟು ಅಂತ ಹೇಳ್ಲಿಲ್ಲ. ಇಲ್ಲಾ, ಹೇಳಿದ್ದನ್ನ ನಾನೇ ಮರ್ತಿದೀನಾ?”

ಹಿತ್ತಿಲಿನ ನುಗ್ಗೆಮರದಲ್ಲಿ ಗುಬ್ಬಿಗಳು ಜಗಳಾಡುತ್ತಿದ್ದವು. ಅಯ್ಯನವರು ತಮ್ಮ ಪಾದಗಳನ್ನು ನೋಡಿಕೊಂಡರು. ತಲೆಯೆತ್ತಿದಾಗ ಮುಖ ಬೇರೆಯಾಗಿತ್ತು.

“ಮರ್ತಿದ್ದು ನೀನಲ್ಲ ಮಗು. ನಾನು.” ಆಮೇಲೆ ನೀಲಾಂಬಿಕೆಯ ಕಡೆ ತಿರುಗಿದರು. “ನೋಡಮ್ಮ, ಲಿಂಗ ಕಟ್ಟಿದ ಮೈಗೆ ಈ ಸೂತಕ ಇಲ್ಲ. ನಮ್ಮ ಹಿರಿಯರು ಬೇಡ ಅಂತ ಬೀದಿಗೆ ಎಸೆದದ್ದನ್ನ ನಾವು ಪಕ್ಕದ ಬೀದಿಯೋರನ್ನ ನೋಡಿ ಮತ್ತೆ ಎತ್ಕೊಂಡು ಬಂದ್ವಿ. ಕಂಡೂ ನಾನು ಸುಮ್ನಿದ್ದೆ. ಹೋಗು, ತಂದ್ಕೊಡು.”

“ನೋಡಿದ ಜನ ಏನಂತಾರೆ ಅಯ್ಯನೋರೆ?” ನೀಲಾಂಬಿಕೆಯ ಕಣ್ಣಲ್ಲಿ ನೀರು ಬಂದಿತ್ತು.

“ನನ್ನನ್ನ ಅಂತಾರೆ, ಅನ್ಲಿ.”

ಗೂಡಿನಿಂದ ಕರಡಿಗೆ ಬಂತು. ತಾಯಿ ಅದನ್ನು ಮಗಳ ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟು ಹಿಂದೆ ಸರಿದಳು. ಶಾಂತಕುಮಾರಿ ಎತ್ತಿಕೊಂಡು ಕಣ್ಣಿಗೊತ್ತಿಕೊಂಡಳು. ಅಯ್ಯನವರು ಹೊರಡುವಾಗ ಅವಳು ಹಿಂದಿನಿಂದ ಕೇಳಿದಳು:

“ಅಯ್ಯನೋರೆ, ನಾನು ಮಾಡಿದ್ದು ಹಟಾನಾ?”

ಮುದುಕರು ಬಾಗಿಲಲ್ಲಿ ನಿಂತು ತಿರುಗಿದರು. “ಹಟಕ್ಕೂ ನಿಷ್ಠೆಗೂ ಮುಖ ಒಂದೇ ಮಗು, ಗುರುತು ಹಿಡಿಯೋದು ಕಷ್ಟ. ಹಟ ಗೆದ್ರೆ ಬೀಗುತ್ತೆ. ನಿಷ್ಠೆ ಗೆದ್ರೆ ತನ್ನ ಕೆಲಸಕ್ಕೆ ಹೋಗುತ್ತೆ. ನಿನ್ನದು ಯಾವುದು ಅಂತ ನೀನೇ ನೋಡ್ಕೊ.”

ಪೂಜೆ ಮುಗಿಸಿ, ಉಂಡು, ಶಾಂತಕುಮಾರಿ ತಾಯಿಯನ್ನು ಕರೆದು ಮೆತ್ತಗೆ ಹೇಳಿದಳು: “ಅವ್ವ, ಅವರೆಕಾಯಿ ಕೊಡು. ಕೂತಲ್ಲೇ ಸುಲೀತೀನಿ.”

ಮನೆಯಲ್ಲಿ ಒಂದು ಗಂಟು ಬಿಚ್ಚಿತು; ಇನ್ನೊಂದು ಬಿತ್ತು. ದೊಡ್ಡವಳಾದ ಹುಡುಗಿ ಶಾಲೆಗೆ ಹೋಗುವುದುಂಟೇ? ಗುಂಡಯ್ಯ ಮೇಷ್ಟ್ರು ತಾವಾಗಿ ಮನೆಗೆ ಬಂದು ಜಗುಲಿಯಲ್ಲಿ ಕೂತರು. ಬೇಸಿಗೆಗೆ ಲೋಯರ್ ಸೆಕೆಂಡರಿ ಪರೀಕ್ಷೆ, ಹಾಸನದಲ್ಲಿ ಬರೆಯಬೇಕು. ಈ ಊರಿನಿಂದ ಇದುವರೆಗೆ ಒಂದು ಹೆಣ್ಣುಮಗು ಆ ಪರೀಕ್ಷೆಗೆ ಕೂತಿಲ್ಲ. “ಇಷ್ಟು ದಿನ ಉತ್ತು ಬಿತ್ತಿ ಕೊಯ್ಲಿನ ಹೊತ್ತಿಗೆ ಹೊಲ ಬಿಟ್ಟು ಎದ್ದು ಹೋಗ್ತೀರಾ ಪಂಚಾಕ್ಷರಯ್ಯನೋರೆ?” ಎಂದರು. ಪಂಚಾಕ್ಷರಯ್ಯ ಒಪ್ಪಿದ. ನೀಲಾಂಬಿಕೆ ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ಅವಳ ತಲೆಯಲ್ಲಿ ಇದ್ದದ್ದು ಒಂದೇ: ಇದೆಲ್ಲ ಅಕ್ಕನಿಗೆ ತಿಳಿಯಬಾರದು.

ಅಕ್ಕನೆಂದರೆ ಲಕ್ಷ್ಮಿದೇವಮ್ಮ. ಇಬ್ಬರೂ ಹೊಳೆನರಸೀಪುರದಲ್ಲಿ ಹುಟ್ಟಿ ಬೆಳೆದವರು. ಅಕ್ಕ ಹಾಸನದ ದೊಡ್ಡ ಜವಳಿ ವ್ಯಾಪಾರಿಯ ಮನೆ ಸೇರಿದ್ದಳು. ಎರಡು ಅಂತಸ್ತಿನ ಮನೆ, ಬಾಗಿಲಿಗೆ ಹಿತ್ತಾಳೆಯ ಹಿಡಿ, ಅಡುಗೆಮನೆಗೆ ಮಡಿ. ಆ ಮನೆಗೆ ಹೋಗಿ ಬಂದಾಗಲೆಲ್ಲ ನೀಲಾಂಬಿಕೆ ಒಂದೊಂದು ಹೊಸ ಕಟ್ಟಳೆ ಕಲಿತು ಬರುತ್ತಿದ್ದಳು. ಅಕ್ಕ ನಕ್ಕರೆ ಅವಳಿಗೆ ಬದುಕೇ ಬೇಡವೆನಿಸುತ್ತಿತ್ತು.

ಆ ಅಕ್ಕನೇ ಒಂದು ಗಂಡು ಗೊತ್ತುಮಾಡಿ ಕಳಿಸಿದಳು. ಅರಕಲಗೂಡಿನ ಕಡೆಯವರು, ಅಂಗಡಿ, ಜಮೀನು ಎಲ್ಲ ಉಂಟು. ಹುಡುಗಿ ನೋಡಲು ಹುಡುಗನ ತಾಯಿ, ಸೋದರತ್ತೆ ಬಂದರು. ಹುಡುಗಿ ಲಕ್ಷಣವಾಗಿದ್ದಾಳೆ, ಹಸೆ ಬರೆಯಲು ಬರುತ್ತದೆ, ಎಲ್ಲ ಸರಿ. ಎಲೆಯಡಿಕೆಯ ಹೊತ್ತಿಗೆ ಸೋದರತ್ತೆ ಸುಮ್ಮನಿರದೆ ಕೇಳಿದಳು:

“ನಮ್ಮನೇಲಿ ಮೈಲಿಗೆ ಅಂದ್ರೆ ಬಲು ಕಟ್ಟುನಿಟ್ಟು. ನಿಮ್ಮ ಹುಡುಗಿಗೆ ಅದೆಲ್ಲ ಅಭ್ಯಾಸ ಇದೆ ತಾನೇ?”

“ಇದೆ ಇದೆ” ಎಂದಳು ನೀಲಾಂಬಿಕೆ ಅವಸರದಲ್ಲಿ.

ತಟ್ಟೆ ಹಿಡಿದು ನಿಂತಿದ್ದ ಶಾಂತಕುಮಾರಿ ತಾಯಿಯನ್ನು ನೋಡಿದಳು. ಸುಮ್ಮನಿದ್ದರೆ ಈಗ ಮುಗಿಯುತ್ತದೆ. ಆದರೆ ನಾಳೆ ಆ ಮನೆಯಲ್ಲಿ ಪ್ರತಿ ತಿಂಗಳೂ ಸುಳ್ಳಾಗಿ ಬದುಕಬೇಕು. ತಟ್ಟೆಯನ್ನು ಕೆಳಗಿಟ್ಟಳು.

“ಇಲ್ಲ ಅಮ್ಮಾವ್ರೆ. ನಾನು ಆ ದಿನಗಳಲ್ಲೂ ಪೂಜೆ ಬಿಡಲ್ಲ. ಅಯ್ಯನೋರಿಗೆ ಮಾತು ಕೊಟ್ಟಿದೀನಿ. ಆಮೇಲೆ ಗೊತ್ತಾಗಿ ನಿಮಗೆ ಬೇಜಾರಾಗೋದು ಬೇಡ ಅಂತ ಈಗ್ಲೇ ಹೇಳ್ದೆ.”

ಬಂದವರು ಮರ್ಯಾದೆಯಿಂದಲೇ ಎದ್ದುಹೋದರು. ಮತ್ತೆ ಹೇಳಿಕಳಿಸಲಿಲ್ಲ; ಲಕ್ಷ್ಮಿದೇವಮ್ಮನಿಗೂ ಕೂಡಿಬರಲಿಲ್ಲ ಎಂದಷ್ಟೇ ತಿಳಿಸಿದರು. ನೀಲಾಂಬಿಕೆ ಮಗಳ ಜೊತೆ ಮಾತು ಬಿಟ್ಟಳು. ಬಡಿಸುವಳು, ಜಡೆ ಹೆಣೆಯುವಳು, ಬಾಯಿ ಬಿಡಳು. ಶಾಂತಕುಮಾರಿ ಅತ್ತಳು, ಆದರೆ ಆಡಿದ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಬೆಳಿಗ್ಗೆ ಬೇಗ ಎದ್ದು ಮನೆಗೆಲಸದ ಅರ್ಧ ಮುಗಿಸಿ, ಪೂಜೆ ಮಾಡಿ, ಪುಸ್ತಕ ಹಿಡಿಯುತ್ತಿದ್ದಳು. ಕೆಲವು ದಿನ ಅವಳು ಅಂಗೈಯಲ್ಲಿ ಲಿಂಗವಿಟ್ಟು ಕೂತಾಗ ಹಿಂದೆ ಬಾಗಿಲ ಸಂದಿಯಲ್ಲಿ ತಾಯಿಯ ಸೀರೆಯ ಸರಬರ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತು ನಿಂತು ಹೊರಟುಹೋಗುತ್ತಿತ್ತು. ಅವಳು ತಿರುಗಿ ನೋಡುತ್ತಿರಲಿಲ್ಲ.

ಪರೀಕ್ಷೆಯ ಕಾಲ ಬಂತು. ಸೋಮವಾರ ಶುರು. ಭಾನುವಾರವೇ ಹಾಸನಕ್ಕೆ ಹೋಗಿ, ಪರೀಕ್ಷೆ ಮುಗಿಯುವವರೆಗೆ ದೊಡ್ಡಮ್ಮ ಲಕ್ಷ್ಮಿದೇವಮ್ಮನ ಮನೆಯಲ್ಲಿ ಉಳಿಯುವುದೆಂದು ಮಾತಾಗಿತ್ತು. ಕರೆದುಕೊಂಡು ಹೋಗಬೇಕಾಗಿದ್ದ ಪಂಚಾಕ್ಷರಯ್ಯ ತಿಪಟೂರಿಗೆ ಕೊಬ್ಬರಿ ಗಾಡಿಗಳ ಜೊತೆ ಹೋದವನು ಹಿಂದಿರುಗಿರಲಿಲ್ಲ. ಹೊರಡುವ ಬೆಳಿಗ್ಗೆ ಶಾಂತಕುಮಾರಿ ಎದ್ದಾಗ ಮುಟ್ಟಾಗಿದ್ದಳು.

ವಿಷಯ ಕೇಳಿ ನೀಲಾಂಬಿಕೆ ಒಲೆಯ ಮುಂದೆ ಕೂತುಬಿಟ್ಟಳು. “ಶಿವನೇ, ಇವತ್ತೇ ಆಗ್ಬೇಕಿತ್ತಾ? ಈ ಸ್ಥಿತೀಲಿ ಅಕ್ಕನ ಮನೆಗೆ ಹೆಂಗೆ ಕರ್ಕೊಂಡು ಹೋಗ್ಲಿ? ಹೇಳ್ದೆ ಹೋದ್ರೆ ತಪ್ಪು, ಹೇಳಿದ್ರೆ ಬಾಗಿಲು ತೆಗೆಯಲ್ಲ.”

“ನಾನೊಬ್ಳೇ ಹೋಗ್ತೀನಿ ಅವ್ವ. ಮೇಷ್ಟ್ರು ಹುಡುಗರನ್ನ ಕರ್ಕೊಂಡು ಬೆಳಿಗ್ಗೇನೇ ಎತ್ತಿನಗಾಡೀಲಿ ಹೋದ್ರು. ನಾನು ಬಸ್ಸಿಗೆ ಹೋಗಿ ಅವರನ್ನ ಸೇರ್ಕೋತೀನಿ. ಪರೀಕ್ಷೆ ಬಿಡಲ್ಲ.”

ಹಾಗೆಂದು ಹೇಳಿ, ಸ್ನಾನ ಮಾಡಿ, ಎಂದಿನ ಹಾಗೆ ಕೂತು ಪೂಜೆ ಮಾಡಿದಳು. ಎದ್ದಾಗ ತಾಯಿ ರೊಟ್ಟಿಬುತ್ತಿ ಕಟ್ಟಿ, ಸೀರೆ ಬದಲಾಯಿಸಿ, ಬಾಗಿಲಲ್ಲಿ ನಿಂತಿದ್ದಳು. “ವಯಸ್ಸಿಗೆ ಬಂದ ಹುಡುಗೀನ ಒಬ್ಳನ್ನೇ ಕಳಿಸ್ತಾರಾ? ನಡಿ” ಎಂದಳು. ತಿಂಗಳುಗಳ ಮೇಲೆ ಅವಳು ಮಗಳ ಜೊತೆ ಆಡಿದ ಮೊದಲ ಉದ್ದದ ಮಾತುಗಳು ಆ ಬೆಳಗಿನವು.

ಯುದ್ಧದ ಕಾಲ, ಪೆಟ್ರೋಲಿಲ್ಲ. ಚನ್ನರಾಯಪಟ್ಟಣದ ಕಡೆಯಿಂದ ಬರುವ ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿದ್ದರು. ಅದು ಹೊಗೆ ಕಾರುತ್ತ, ಕೆಮ್ಮುತ್ತ, ಹೊತ್ತೇರಿದ ಮೇಲೆ ಬಂತು. ಜನ ಒಳಗೂ ಇದ್ದರು, ಮೇಲೂ ಇದ್ದರು. ಒಂದೆರಡು ಮೈಲಿ ಹೋಗುವಷ್ಟರಲ್ಲಿ ಒಂದು ಏರಿನಲ್ಲಿ ನಿಂತೇಬಿಟ್ಟಿತು. ಗಂಡಸರೆಲ್ಲ ಇಳಿದು ನೂಕಿದರು. ಡ್ರೈವರ್ ಹಿಂದೆ ಹೋಗಿ ಒಲೆಯನ್ನು ಕೆದಕಿ, ಮುಖವೆಲ್ಲ ಮಸಿ ಮಾಡಿಕೊಂಡು ಬಂದು, “ಇವತ್ತಿಗೆ ಇಷ್ಟೇ” ಎಂದ. ಕೆಲವರು ಬೈಯುತ್ತ ಮರದ ನೆರಳಿಗೆ ಹೋದರು. ಶಾಂತಕುಮಾರಿ ಬಟ್ಟೆಯ ಗಂಟನ್ನು ತಲೆಯ ಮೇಲಿಟ್ಟುಕೊಂಡಳು.

“ನಡೆಯಾಣ ಅವ್ವ.”

“ನಿನ್ನ ಕೈಲಾಗುತ್ತಾ? ಈ ನೋವಲ್ಲಿ?”

“ನಿಂತ್ರೂ ನೋಯುತ್ತೆ, ನಡೆದ್ರೂ ನೋಯುತ್ತೆ. ನಡೆದ್ರೆ ಹಾಸನ ಆದ್ರೂ ಹತ್ರ ಬರುತ್ತೆ.”

ನೆತ್ತಿಯ ಮೇಲೆ ಬಿಸಿಲು. ರಸ್ತೆಯ ಎರಡೂ ಕಡೆ ಕೊಯ್ಲಾದ ಹೊಲ. ಹೊಂಗೆಮರಗಳು ಚಿಗುರಿದ್ದರಿಂದ ಅಲ್ಲಲ್ಲಿ ತಂಪು. ತಾಯಿ ಮಗಳು ಬಹಳ ದೂರ ನಡೆದರು. ಒಂದು ಸೇತುವೆಯ ಕಟ್ಟೆಯ ಮೇಲೆ ಕೂತು ನೀರು ಕುಡಿಯುವಾಗ ನೀಲಾಂಬಿಕೆ, ಎಷ್ಟೋ ದಿನದಿಂದ ಗಂಟಲಲ್ಲಿಟ್ಟುಕೊಂಡಿದ್ದನ್ನು ಕೇಳಿದಳು:

“ನೀನು ಹಂಗೆ ಕಣ್ಣು ಕೀಲಿಸಿ ಕೂತಿರ್ತೀಯಲ್ಲ, ಅವಾಗ ನಿಂಗೆ ಏನು ಕಾಣ್ಸುತ್ತೆ?”

ಶಾಂತಕುಮಾರಿ ಯೋಚಿಸಿದಳು. ಸುಳ್ಳು ಹೇಳಬಾರದು, ದೊಡ್ಡದು ಮಾಡಿಯೂ ಹೇಳಬಾರದು.

“ಏನೂ ಕಾಣ್ಸಲ್ಲ ಅವ್ವ. ಹೆದರಿಕೆ ಇರಲ್ಲ, ಅಷ್ಟೇ.”

“ಹೆದರಿಕೆ ಇರಲ್ವಾ?”

“ಅಷ್ಟು ಹೊತ್ತು ಇರಲ್ಲ. ಎದ್ಮೇಲೆ ಬರುತ್ತೆ. ಆದ್ರೆ ಮೊದ್ಲಿನಷ್ಟು ಬರಲ್ಲ.”

ನೀಲಾಂಬಿಕೆ ಚೊಂಬಿನ ಬಾಯಿಗೆ ಬಟ್ಟೆ ಕಟ್ಟಿದಳು. ಸ್ವಲ್ಪ ದೂರ ಹೋದ ಮೇಲೆ ತನಗೆ ತಾನೇ ಹೇಳಿಕೊಂಡಂತೆ ಅಂದಳು: “ನಂಗೆ ಬುದ್ಧಿ ಬಂದಾಗಿಂದ ಹೆದರಿಕೆ ಇಲ್ಲದ ಒಂದು ಗಳಿಗೆ ನೆನಪಿಲ್ಲ. ಮೊದ್ಲು ಅಪ್ಪನ ಹೆದರಿಕೆ, ಆಮೇಲೆ ಅತ್ತೆ ಹೆದರಿಕೆ, ಬೀದಿಯೋರ ಹೆದರಿಕೆ, ಅಕ್ಕನ ಹೆದರಿಕೆ. ಪೂಜೆಗೆ ಕೂತ್ರೂ ತಪ್ಪಾದ್ರೆ ಅಂತ ಶಿವನ ಹೆದರಿಕೆ.” ಆಮೇಲೆ ಮಗಳ ತಲೆಯ ಮೇಲಿನ ಗಂಟನ್ನು ತೆಗೆದು ತನ್ನ ತಲೆಯ ಮೇಲಿಟ್ಟುಕೊಂಡಳು.

ಹಾಸನ ತಲುಪಿದಾಗ ಇಳಿಹೊತ್ತು. ಇಬ್ಬರ ಕಾಲೂ ರಸ್ತೆಯ ಧೂಳಿನಿಂದ ಮಂಡಿಯವರೆಗೆ ಕೆಂಪಾಗಿತ್ತು. ಲಕ್ಷ್ಮಿದೇವಮ್ಮನ ಮನೆಯ ಹಿತ್ತಾಳೆ ಹಿಡಿಯ ಬಾಗಿಲು ತೆರೆದೇ ಇತ್ತು. ಅಕ್ಕ ನಗುತ್ತ ಹೊರಗೆ ಬಂದಳು. “ಇದೇನೇ ಹಿಂಗೆ ನಡ್ಕೊಂಡು ಬಂದ್ರಿ? ಬಾ, ಬಾ, ಕಾಲು ತೊಳ್ಕೊಳಿ.”

ನೀಲಾಂಬಿಕೆ ಹೊಸಿಲ ಆಚೆಯೇ ನಿಂತಳು. ಶಾಂತಕುಮಾರಿ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಈಗ ಅವ್ವ ಏನಾದರೊಂದು ಹೇಳಿ ಮುಚ್ಚಿಬಿಡುತ್ತಾಳೆ, ಆಮೇಲೆ ನಾನೇ ಬಾಯಿ ಬಿಡಬೇಕು ಎಂದುಕೊಂಡಳು.

“ಅಕ್ಕ, ಮೊದ್ಲೇ ಹೇಳ್ಬಿಡ್ತೀನಿ,” ಎಂದಳು ನೀಲಾಂಬಿಕೆ. “ಮಗು ಮುಟ್ಟಾಗಿದಾಳೆ. ಆದ್ರೂ ದಿನಾ ಲಿಂಗಪೂಜೆ ಮಾಡ್ತಾಳೆ. ಒಳಗೆ ಕೂತೇ ಮಾಡ್ತಾಳೆ, ಓದ್ಕೋತಾಳೆ. ನಮ್ಮನೇಲಿ ಈಗ ಹಂಗೇ. ಆಗುತ್ತೆ ಅಂದ್ರೆ ಇರ್ತೀವಿ.”

ಲಕ್ಷ್ಮಿದೇವಮ್ಮನ ನಗು ಮುಖದಲ್ಲೇ ಉಳಿದು ಕಣ್ಣು ಮಾತ್ರ ಬದಲಾಯಿತು. ಒಳಗೆ ಒಮ್ಮೆ ನೋಡಿ ದನಿ ತಗ್ಗಿಸಿದಳು. “ಅಯ್ಯೋ, ನನ್ನ ಅತ್ತೆ ಕೇಳಿಸ್ಕೊಂಡ್ರೆ ಮನೆ ಹೊತ್ತಿ ಉರಿಯುತ್ತೆ ಕಣೆ. ಹಿಂದಿನ ಬಾಗಿಲಿಂದ ಕರ್ಕೊಂಡು ಬಾ. ದನದ ಕೊಟ್ಟಿಗೆ ಪಕ್ಕ ಒಂದು ಕೋಣೆ ಇದೆ. ಲಿಂಗ ಗಿಂಗ ನಾನು ಎತ್ತಿಡಿಸ್ತೀನಿ. ಪರೀಕ್ಷೆ ಮುಗಿಯೋವರ್ಗೆ ತಾನೇ?”

“ಹಿಂದಿನ ಬಾಗಿಲಿಂದ ಬರೋವಂಥ ತಪ್ಪು ಮಗು ಏನೂ ಮಾಡಿಲ್ಲ ಅಕ್ಕ,” ಎಂದಳು ನೀಲಾಂಬಿಕೆ. “ಬರ್ತೀವಿ.”

ಬೀದಿಯ ತಿರುವಿನವರೆಗೆ ಅವಳು ಹಿಂದಿರುಗಿ ನೋಡಲಿಲ್ಲ. ತಿರುವು ದಾಟಿದ ಮೇಲೆ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಶಾಂತಕುಮಾರಿ ಪಕ್ಕದಲ್ಲಿ ಕೂತು ತಾಯಿಯ ಕೈ ಹಿಡಿದುಕೊಂಡಳು. ಮುಟ್ಟಾದ ದಿನದಲ್ಲಿ ಅವ್ವ ಅವಳ ಕೈಯನ್ನು ಕೊಡವಿಕೊಳ್ಳದೆ ಇದ್ದದ್ದು ಇದೇ ಮೊದಲು.

ಹಾಗೆ ಕೂತಿದ್ದವರನ್ನು ತಲೆಯ ಮೇಲೆ ಹಾಲಿನ ಪಾತ್ರೆ ಹೊತ್ತ ಹೆಂಗಸೊಬ್ಬಳು ನೋಡಿ ನಿಂತಳು. ಶಾಂತಿಗ್ರಾಮದ ಒಕ್ಕಲಗೇರಿಯ ಚಿಕ್ಕಲಕ್ಷ್ಮಮ್ಮ. ಗಂಡ ಸತ್ತ ಮೇಲೆ ಮಗಳ ಊರೆಂದು ಹಾಸನಕ್ಕೆ ಬಂದು, ಊರಂಚಿನಲ್ಲಿ ಎಮ್ಮೆ ಕಟ್ಟಿಕೊಂಡು ಹಾಲು ಮಾರುತ್ತಿದ್ದಳು.

“ಇದೇನ್ ನೀಲಮ್ಮೋರೆ, ಬೀದೀಲಿ ಕುಂತ್‌ಬುಟ್ಟಿದ್ದೀರಿ?”

ನೀಲಾಂಬಿಕೆ ಮುಚ್ಚಿಡದೆ ಎಲ್ಲ ಹೇಳಿದಳು. ಒಮ್ಮೆ ಹೇಳಿದ ಮೇಲೆ ಎರಡನೆಯ ಸಲ ಸುಲಭವಾಗಿತ್ತು. ಚಿಕ್ಕಲಕ್ಷ್ಮಮ್ಮ ಬಾಯಿ ಮೇಲೆ ಕೈಯಿಟ್ಟು ಕೇಳಿದಳು, ಆಮೇಲೆ ನಕ್ಕಳು.

“ಅಷ್ಟೇಯಾ? ನಾನ್ಯಾವತ್ತು ಮೂಲೇಲಿ ಕುಂತಿದ್ದೆ ಕಣ್ರವ್ವ? ಕುಂತ್ರೆ ಎಮ್ಮೆ ತಾನೇ ಆಲು ಕರ್ಕಂತದಾ? ಏಳಿ ಏಳಿ, ನಮ್ಮನೇಗೆ ಓಗಾಣ. ಸಾರ್ಸಿ ಗುಡ್ಸಿದ ಕ್ವಾಣೆ ಅದೆ. ನೀವು ನಮ್ಮನೇಲಿ ಉಣ್ಣಾಕಿಲ್ಲ, ನಂಗೊತ್ತು. ವಸ ಮಡಕೆ ಕೊಡ್ತೀನಿ, ನೀವೇ ಬೇಯಿಸ್ಕಳಿ. ಮಗ ಓದ್ಕಳ್ಲಿ.”

ಸೋಮವಾರ ಬೆಳಿಗ್ಗೆ ಆ ಕೋಣೆಯ ಸಗಣಿ ಸಾರಿಸಿದ ನೆಲದ ಮೇಲೆ ಶಾಂತಕುಮಾರಿ ಪೂಜೆಗೆ ಕೂತಳು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಮಣೆ ಎಳೆದ ಸದ್ದಾಯಿತು. ನೀಲಾಂಬಿಕೆ ತನ್ನ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಮಗಳ ಮಗ್ಗುಲಲ್ಲೇ, ಸೆರಗು ತಾಗುವಷ್ಟು ಹತ್ತಿರ, ಕೂತಿದ್ದಳು.

ಗುಂಡಯ್ಯ ಮೇಷ್ಟ್ರು ಹುಡುಗರ ಸಮೇತ ಶಾಲೆಯ ಗೇಟಿನಲ್ಲಿ ಕಾಯುತ್ತಿದ್ದರು. “ಬಂದ್ಯಾ ತಾಯಿ” ಎಂದಷ್ಟೇ ಹೇಳಿದರು. ಪರೀಕ್ಷೆಯ ಕೊಠಡಿಯಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟು. ಲೆಕ್ಕದ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಶಾಂತಕುಮಾರಿಯ ಕಿಬ್ಬೊಟ್ಟೆಯಲ್ಲಿ ನೋವು ಹಿಂಡಿಕೊಂಡು ಬಂತು. ಅಕ್ಷರಗಳು ಒಂದರ ಮೇಲೊಂದು ಹತ್ತಿದವು. ಮೊದಲ ಲೆಕ್ಕವೇ ತಿಳಿಯಲಿಲ್ಲ. ಎರಡನೆಯದೂ ತಿಳಿಯಲಿಲ್ಲ. ಪಕ್ಕದ ಹುಡುಗ ಆಗಲೇ ಬರೆಯುತ್ತಿದ್ದ. ಹಳೆಯ ಹೆದರಿಕೆ ಎದ್ದು ಬಂದು ಎದೆಯ ಮೇಲೆ ಕೂತಿತು.

ಅವಳು ಲೇಖನಿಯನ್ನು ಕೆಳಗಿಟ್ಟಳು. ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟು, ಅದನ್ನೇ ನೋಡುತ್ತ, ಉಸಿರನ್ನು ತನ್ನ ಪಾಡಿಗೆ ಬಿಟ್ಟಳು. ನೋವು ಹೋಗಲಿಲ್ಲ. ಆದರೆ ನೋವು ಒಂದು ಕಡೆ ಇತ್ತು, ಅವಳು ಇನ್ನೊಂದು ಕಡೆ ಇದ್ದಳು. ತಲೆಯೆತ್ತಿ ಮೊದಲ ಲೆಕ್ಕವನ್ನು ಮತ್ತೆ ಓದಿದಾಗ ಅದು ಬರೀ ಲೆಕ್ಕವಾಗಿತ್ತು. ಬರೆಯತೊಡಗಿದಳು. ಗಂಟೆ ಹೊಡೆಯುವವರೆಗೆ ನಿಲ್ಲಿಸಲಿಲ್ಲ.

ಹೊರಗೆ ಬಂದಾಗ ನೀಲಾಂಬಿಕೆ ಗೇಟಿನೆದುರಿನ ಮರದ ಕೆಳಗೆ ಬಿಸಿಲು ಬಂದ ಕಡೆಯಿಂದ ನೆರಳಿನ ಕಡೆಗೆ ಸರಿಯುತ್ತ ಸರಿಯುತ್ತ ಕೂತೇ ಇದ್ದಳು. “ಏನೇನು ಕೇಳಿದ್ರು?” ಎಂದಳು. ಶಾಂತಕುಮಾರಿ ಬಡ್ಡಿಯ ಲೆಕ್ಕ, ತೊಟ್ಟಿಗೆ ನೀರು ತುಂಬುವ ಲೆಕ್ಕ ಎಲ್ಲ ಹೇಳಿದಳು. ನೀಲಾಂಬಿಕೆ ಗಮನವಿಟ್ಟು ಕೇಳಿ, “ಒಂದು ಕಡೆ ತೂತು ಬಿಟ್ಟು ಇನ್ನೊಂದು ಕಡೆ ತುಂಬೋ ಆ ಮೂರ್ಖ ಯಾರು?” ಎಂದಳು. ಇಬ್ಬರೂ ಬೀದಿಯಲ್ಲೇ ನಿಂತು ನಕ್ಕರು.

ಬೇಸಿಗೆ ಕಳೆದು ಮುಂಗಾರಿನ ಮೊದಲ ಹನಿ ಬೀಳುವ ಹೊತ್ತಿಗೆ ಫಲಿತಾಂಶ ಬಂತು. ಗುಂಡಯ್ಯ ಮೇಷ್ಟ್ರು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಪೇಟೆಬೀದಿಯಲ್ಲಿ ಓಡಿಬಂದರು. ಶಾಂತಕುಮಾರಿ ಪಾಸಾಗಿದ್ದಳು, ಊರಿನ ಹುಡುಗರೆಲ್ಲರಿಗಿಂತ ಮೇಲೆ. ಪಂಚಾಕ್ಷರಯ್ಯ ಅಂಗಡಿಯಲ್ಲಿದ್ದವರಿಗೆಲ್ಲ ಬೆಲ್ಲ, ಕೊಬ್ಬರಿ ಹಂಚಿದ. ಚನ್ನಬಸವಯ್ಯನವರು ಕೋಲೂರಿಕೊಂಡು ಬಂದು ಹಣೆಗೆ ವಿಭೂತಿ ಹಚ್ಚಿ ಹೋದರು. ಅಂದು ಹಿತ್ತಿಲಲ್ಲಿ ಶಾಂತಕುಮಾರಿಗೆ ಲಿಂಗ ಕೊಡಿಸಿದ ಮೇಲೆ ಒಂದೆರಡು ಮನೆಯವರು ಅವರಿಗೆ ಅಕ್ಕಿ ಕೊಡುವುದನ್ನು ನಿಲ್ಲಿಸಿದ್ದರು. ಅವರು ಅದರ ಸುದ್ದಿಯನ್ನೇ ಎತ್ತಲಿಲ್ಲ.

ಸಂಜೆ ಗಂಡ, ಹೆಂಡತಿ, ಮಗಳು ನಡುಮನೆಯಲ್ಲಿ ಕೂತಿದ್ದರು.

“ಮುಂದೇನು ಮಗಳೇ?” ಎಂದ ಪಂಚಾಕ್ಷರಯ್ಯ.

“ಹೈಸ್ಕೂಲಿಗೆ ಹೋಗ್ಬೇಕು ಅಪ್ಪಾಜಿ. ಆಮೇಲೆ ಶಾಲೆ ಮೇಡಂ ಆಗ್ಬೇಕು.”

ಹೈಸ್ಕೂಲೆಂದರೆ ಹಾಸನ. ಹಾಸನವೆಂದರೆ ಅಲ್ಲೇ ಇರಬೇಕು. ಅಕ್ಕನ ಮನೆಯ ಬಾಗಿಲು ಮುಚ್ಚಿದೆ. ಪಂಚಾಕ್ಷರಯ್ಯ, ಬೇಡವೆನ್ನುವ ಕೆಲಸವನ್ನು ಹೆಂಡತಿಗೆ ಬಿಟ್ಟು ರೂಢಿಯಾದವನು, ನೀಲಾಂಬಿಕೆಯ ಮುಖ ನೋಡಿದ.

ನೀಲಾಂಬಿಕೆ ದೀಪದ ಬತ್ತಿ ಹೊಸೆಯುತ್ತಿದ್ದಳು. ತಲೆಯೆತ್ತದೆ ಹೇಳಿದಳು:

“ಚಿಕ್ಕಲಕ್ಷ್ಮಮ್ಮನ ಮನೆ ಪಕ್ಕದಲ್ಲಿ ಒಂದು ಕೋಣೆ ಖಾಲಿ ಇದೆ. ಹೋದ ವಾರ ಅವಳು ಊರಿಗೆ ಬಂದಿದ್ಲಲ್ಲ, ಆವಾಗ್ಲೇ ಮಾತಾಡಿ ಗೊತ್ತು ಮಾಡ್ಬಿಟ್ಟೆ. ನಾನೂ ಜೊತೇಲಿ ಹೋಗಿರ್ತೀನಿ. ಭಾನುವಾರಕ್ಕೆ ಬಂದು ನಿಮಗೆ ರೊಟ್ಟಿ ಮಾಡಿಟ್ಟು ಹೋಗ್ತೀನಿ. ಮಿಕ್ಕ ದಿನ ಅನ್ನ ನೀವೇ ಬೇಯಿಸ್ಕೊಳ್ಳೋದು ಕಲೀರಿ.”